ಮೇ ತಿಂಗಳ ಓವರ್‌ಕ್ಲಾಕಿಂಗ್

ಮದರ್‌ಬೋರ್ಡ್ ಪರೀಕ್ಷೆ ಮಾಡಿ ವಿಡಿಯೋ ಹಾಕುವವರೆಲ್ಲ ಎಸಿ ರೂಮಿನಲ್ಲಿ ಕೂತಿರುತ್ತಾರೆ. ಸ್ಕ್ರೀನಿನ ಮೂಲೆಯಲ್ಲಿ ಸಣ್ಣಗೆ ‘ರೂಮ್ ಟೆಂಪರೇಚರ್ 21 ಡಿಗ್ರಿ’ ಅಂತ ಇರುತ್ತೆ. ಕಲಬುರಗಿಯಲ್ಲಿ ಮೇ ತಿಂಗಳು 21 ಡಿಗ್ರಿ ಬೇಕಂದ್ರೆ ಫ್ರಿಜ್ ಬಾಗಿಲು ತೆಗೆದು ಅದರ ಮುಂದೆ ಕೂರಬೇಕು.

ಅಣ್ಣನ ಮಗ ಸಿಕಂದರಾಬಾದ್‌ಗೆ ಹೋಗಿ ಝಡ್790 ಬೋರ್ಡ್ ತಂದಿದ್ದ. “ಕಾಕಾ, ಓವರ್‌ಕ್ಲಾಕಿಂಗಿಗಿ ಹೆಂಗದ, ನೋಡಿ ಹೇಳು” ಅಂದ. ಓವರ್‌ಕ್ಲಾಕಿಂಗ್ ಅಂದ್ರೆ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜಾಸ್ತಿ ಓಡಿಸೋದು. ಅಗ್ಗದ ಬಿ760 ಬೋರ್ಡುಗಳಲ್ಲಿ ರ‍್ಯಾಮ್ ವೇಗ ಹೆಚ್ಚಿಸಬಹುದು, ಪ್ರೊಸೆಸರಿನ ಮಲ್ಟಿಪ್ಲೈಯರ್, ಅಂದ್ರೆ ಅದರ ವೇಗ ಗೊತ್ತುಮಾಡುವ ಗುಣಕ, ಹೆಚ್ಚಿಸೋಕೆ ಬಿಡಲ್ಲ. ಅದಕ್ಕೆ ಝಡ್ ಬೇಕು, ಪ್ರೊಸೆಸರ್ ಹೆಸರಿನ ಕೊನೆಗೆ ‘ಕೆ’ ಬೇಕು. ಇವನದು ಐ5-13600ಕೆ. ಎರಡೂ ಇದ್ದವು. ಜೊತೆಗೆ ಗಣಪತಿ ಮಂಟಪದಷ್ಟು ಬಣ್ಣದ ದೀಪ.

ನಾನು ದೀಪ ನೋಡಲ್ಲ. ಪ್ರೊಸೆಸರ್ ಕೂರುವ ಸಾಕೆಟ್ ಪಕ್ಕದ ವಿಆರ್‌ಎಂ ನೋಡುತ್ತೇನೆ. ಕಂಪ್ಯೂಟರಿಗೆ ಕರೆಂಟ್ ಒದಗಿಸುವ ಡಬ್ಬಿ, ಅಂದ್ರೆ ಎಸ್‌ಎಂಪಿಎಸ್, ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸೋದು ಅದೇ. ವೇಗ ಹೆಚ್ಚಿಸಿದರೆ ಅದೂ ಕಾಯುತ್ತೆ. ಅದರ ಮೇಲಿನ, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ದಪ್ಪಗೆ, ತೂಕವಾಗಿತ್ತು. ಪಾಸ್.

ಇನ್ನೊಂದು ಇಷ್ಟವಾಯ್ತು: ಮೂಲೆಯಲ್ಲಿ ಎರಡಂಕಿಯ ಪುಟ್ಟ ಡಿಸ್‌ಪ್ಲೇ. ಕಂಪ್ಯೂಟರ್ ಶುರುವಾಗದಿದ್ದರೆ ಎಲ್ಲಿ ಸಿಕ್ಕಿಬಿದ್ದಿದೆ ಅಂತ ಕೋಡ್ ತೋರಿಸುತ್ತೆ. ಶುರುವಾದ ಮೇಲೆ ಅಲ್ಲೇ ಪ್ರೊಸೆಸರಿನ ಟೆಂಪರೇಚರ್ ಬರುತ್ತೆ.

ಬೋರ್ಡಿನ ಸೆಟ್ಟಿಂಗ್ ಬದಲಿಸುವ ಬಯೋಸಿನಲ್ಲಿ ಮಲ್ಟಿಪ್ಲೈಯರ್ 51 ಇದ್ದದ್ದನ್ನು 54 ಮಾಡಿದೆ. 100 ಮೆಗಾಹರ್ಟ್ಸಿನ ಐವತ್ತನಾಲ್ಕು ಪಟ್ಟು, ಅಂದ್ರೆ 5.4 ಗಿಗಾಹರ್ಟ್ಸ್. ವೋಲ್ಟೇಜ್ ಚೂರು ಏರಿಸಿ, ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಸ್ಟ್ರೆಸ್ ಟೆಸ್ಟ್ ಹಚ್ಚಿದೆ. ಮಧ್ಯಾಹ್ನದ ಹೊತ್ತು, ಹೊರಗೆ 43 ಡಿಗ್ರಿ.

88. 93. 98.

ಶೇಂಗಾ ಸುಲಿಯುತ್ತಿದ್ದ ಅವ್ವ ಕನ್ನಡಕ ಏರಿಸಿ ಬಗ್ಗಿ ನೋಡಿದಳು. “ತೊಂಬತ್ತೆಂಟ್ ಅದ. ಜ್ವರ ಇಲ್ಲ ಬಿಡ್ರಿ.”

“ಆಯಿ, ಅದು ಸೆಂಟಿಗ್ರೇಡ್!” ಹುಡುಗ ಕೂಗಿದ.

“ಯಾವ ಗ್ರೇಡರ ಇರಲಿ. ನಾರ್ಮಲ್ ಅದ.”

ನೂರು ಮುಟ್ಟಿದರೆ ಈ ಪ್ರೊಸೆಸರ್ ತಾನಾಗೇ ವೇಗ ಇಳಿಸುತ್ತೆ, ಓಡಿಸಿದ್ದೆಲ್ಲ ದಂಡ. ಫ್ಯಾನ್ ಎಷ್ಟೇ ದೊಡ್ಡದಿದ್ದರೂ ರೂಮಿನ ಗಾಳಿಗಿಂತ ತಣ್ಣಗೆ ಮಾಡೋಕಾಗಲ್ಲ ಅಂತ ಹುಡುಗನಿಗೆ ಹೇಳಿದೆ. ಹೇಳಬಾರದಿತ್ತೇನೋ. ಹಾಗಾದ್ರೆ ಗಾಳಿಯನ್ನೇ ತಣ್ಣಗೆ ಮಾಡೋಣ ಅಂತ ಹಾಲ್‌ನಲ್ಲಿದ್ದ ಕೂಲರ್ ದರದರ ಎಳೆದು ತಂದ. ಹುಲ್ಲಿನ ಪ್ಯಾಡಿಗೆ ಆಗಷ್ಟೇ ನೀರು ಕುಡಿಸಿದ್ದ ತಗಡಿನ ಕೂಲರ್. ಬಿಚ್ಚಿಟ್ಟ ಕ್ಯಾಬಿನೆಟ್‌ಗೆ ಮುಖ ಮಾಡಿ ಫುಲ್ ಸ್ಪೀಡ್ ಕೊಟ್ಟ.

ತಂಪು ಬಂತು. ಜೊತೆಗೆ ತುಂತುರೂ ಬಂತು. ನನ್ನ ಕನ್ನಡಕದ ಮೇಲೆ ಹನಿ ಕೂತಿತು. ಸ್ವಿಚ್ ಕಡೆ ಜಿಗಿಯುವಷ್ಟರಲ್ಲಿ ಕರೆಂಟೇ ಹೋಯ್ತು, ಇಡೀ ಓಣಿಯದು. ಕರೆಂಟ್ ಹೋಗಿದ್ದಕ್ಕೆ ಕೈ ಮುಗಿದವನು ಓಣಿಯಲ್ಲಿ ನಾನೊಬ್ಬನೇ ಇರಬೇಕು.

ಬೋರ್ಡ್ ಬಿಚ್ಚಿ ಒರೆಸಿದೆವು. ಒಣಗಿಸೋದು ಮಾತ್ರ ನಮ್ಮೂರಲ್ಲಿ ಕಷ್ಟವೇ ಅಲ್ಲ. ಸಂಜೆ ಜೋಡಿಸಿ ಆನ್ ಮಾಡಿದರೆ ಡಿಸ್‌ಪ್ಲೇಯಲ್ಲಿ 55 ಬಂದು ನಿಂತಿತು. ರ‍್ಯಾಮ್ ಸಿಗ್ತಿಲ್ಲ ಅನ್ನೋ ಕೋಡ್.

ಅವ್ವ ಗಾಬರಿಯಾದಳು. “ಐವತ್ತೈದಾ? ಮೈ ಪೂರಾ ತಣ್ಣಗಾಗ್ಯದಲ್ಲೋ! ಲಗೂ ದವಾಖಾನಿಗಿ ಒಯ್ರಿ!”

ರ‍್ಯಾಮ್ ಕಿತ್ತು, ಒರೆಸಿ, ಟಕ್ ಅನ್ನೋವರೆಗೂ ಒತ್ತಿದೆ. ಶುರುವಾಯ್ತು. ಮಲ್ಟಿಪ್ಲೈಯರ್ ಮತ್ತೆ 51ಕ್ಕೆ ತಂದೆ.

“ಬೋರ್ಡ್ ಚಲೋ ಅದ, ಇಟ್ಕೋ. 54 ಡಿಸೆಂಬರ್‌ನಾಗ ಹಚ್ಚು” ಅಂದೆ.

“ಡಿಸೆಂಬರ್‌ನಾಗ ಅಂದ್ರ 56 ನೋಡೋಣೇನು ಕಾಕಾ?”