ಲೆಕ್ಕಕ್ಕೆ ಸೇರದ ಹತ್ತು ವರ್ಷ

ನಮ್ಮ ಡಿಗ್ರಿ ಕಾಲೇಜಿನ ವಾಟ್ಸಾಪ್ ಗ್ರೂಪ್‌ನಲ್ಲಿ ಹೋದ ವಾರ ಪಿ.ಟಿ. ಮೇಷ್ಟ್ರ ಮಾತು ಬಂತು. ಯಾರೋ ಅವರ ಹಳೇ ಫೋಟೋ ಹಾಕಿದ್ದರು. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫುಟ್‌ಬಾಲ್. ಒಬ್ಬ ಗೆಳೆಯ ಕೆಳಗೆ ಬರೆದ: "ಒಳ್ಳೆ ಮನುಷ್ಯ. ಆದ್ರೆ ಇಪ್ಪತ್ತೈದು ವರ್ಷದಲ್ಲಿ ಒಂದು ಕಪ್ಪೂ ತರ್ಲಿಲ್ಲ ಅಲ್ವಾ?" ನಾಲ್ಕೈದು ಜನ ಹೆಬ್ಬೆರಳು ಎತ್ತಿದರು. ನಾನು ಏನೂ ಬರೆಯಲಿಲ್ಲ. ಆದರೆ ಆ ಮಾತು ಹೊಟ್ಟೆಯಲ್ಲಿ ಕೂತುಬಿಟ್ಟಿದೆ. ಉತ್ತರ ಗ್ರೂಪ್‌ನಲ್ಲಿ ಹಿಡಿಸುವಷ್ಟು ಚಿಕ್ಕದಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ ಉತ್ತರಕ್ಕೆ ಇನ್ನೊಬ್ಬ ಕೋಚ್ ಕಥೆ ಬೇಕು. ಹೆಸರು ಜೆರ್ರಿ ಯೇಗ್ಲಿ. ಅಮೆರಿಕದ ಇಂಡಿಯಾನಾ ಯೂನಿವರ್ಸಿಟಿಯ ಗಂಡುಹುಡುಗರ ಸಾಕರ್ ತಂಡದ ಕೋಚ್ ಆಗಿದ್ದವರು. ನಾವು ಫುಟ್‌ಬಾಲ್ ಅನ್ನುವುದನ್ನು ಅಲ್ಲಿ ಸಾಕರ್ ಅನ್ನುತ್ತಾರೆ. ನಾನು 2002ರಲ್ಲಿ ಎಂಎಸ್ ಓದಲು ಆ ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್‌ಗೆ ಹೋದಾಗ ಅವರ ವೃತ್ತಿಯ ಕೊನೆ ಕೊನೆ. ಎರಡು ಸೀಸನ್ ಮಾತ್ರ ಕಣ್ಣಾರೆ ನೋಡಿದೆ.

ಮೊದಲ ಸಲ ಆ ಸ್ಟೇಡಿಯಂಗೆ ಹೋಗಿದ್ದು ಒಂದು ಸಂಜೆ, ರೂಮ್‌ಮೇಟ್ ಎಳೆದುಕೊಂಡು ಹೋದ ಅಂತ. ಬಿಲ್ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂ. ಮೈದಾನದ ಸುತ್ತ ಕಿಟ್ಟದ ಪುಡಿ ಹಾಸಿದ ಟ್ರ್ಯಾಕ್. ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿ ಹುಡುಗರ ಸೈಕಲ್ ರೇಸ್. ನನಗೆ ಆಶ್ಚರ್ಯ ಆಗಿದ್ದು ಗಡಿಯಾರ. ಅದು ಹಿಂದಕ್ಕೆ ಓಡುತ್ತಿತ್ತು. 45 ನಿಮಿಷದಿಂದ ಶುರುವಾಗಿ ಸೊನ್ನೆಗೆ. ಅಲ್ಲಿನ ಕಾಲೇಜ್ ಆಟದ ಪದ್ಧತಿಯೇ ಹಾಗಿತ್ತು. ಕೊನೆಯ ಹತ್ತು ಸೆಕೆಂಡ್ ಬಂದಾಗ ಜನ ಎಲ್ಲಾ ಒಟ್ಟಿಗೆ ಎಣಿಸುತ್ತಿದ್ದರು. ಗೆರೆಯ ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬರು ಕೈ ಕಟ್ಟಿ ನಿಂತಿದ್ದರು. ಕೂಗಾಟ ಇಲ್ಲ. "ಅವರೇ," ಅಂದ ರೂಮ್‌ಮೇಟ್. ದೇವಸ್ಥಾನದಲ್ಲಿ ಗರ್ಭಗುಡಿ ತೋರಿಸುವ ಹಾಗೆ ತೋರಿಸಿದ.

ಅವರ ಲೆಕ್ಕ ಹೀಗಿದೆ: 31 ಸೀಸನ್, 544 ಗೆಲುವು, 101 ಸೋಲು, 45 ಡ್ರಾ. ಆರು ಸಲ ರಾಷ್ಟ್ರೀಯ ಚಾಂಪಿಯನ್. 1982, 1983, 1988, 1998, 1999, 2003. ನನ್ನ ಗೆಳೆಯ ಇದನ್ನು ಓದಿದರೆ "ನೋಡು, ಕೋಚ್ ಅಂದ್ರೆ ಇವ್ರು" ಅನ್ನುತ್ತಾನೆ. ಆದರೆ ಆ ಲೆಕ್ಕ ಶುರುವಾಗುವುದು 1973ರಿಂದ. ಯೇಗ್ಲಿ ಬ್ಲೂಮಿಂಗ್ಟನ್‌ಗೆ ಬಂದಿದ್ದು 1963ರಲ್ಲಿ.

ನಡುವಿನ ಆ ಹತ್ತು ವರ್ಷ ಏನಾಯಿತು?

ಅವರು ಪೆನ್ಸಿಲ್ವೇನಿಯಾದ ಹುಡುಗ. ಮೇಷ್ಟ್ರುಗಳನ್ನು ತಯಾರು ಮಾಡುತ್ತಿದ್ದ ವೆಸ್ಟ್ ಚೆಸ್ಟರ್ ಅನ್ನುವ ಕಾಲೇಜಿನಲ್ಲಿ ಓದಿದರು. 1961ರಲ್ಲಿ ಆ ಕಾಲೇಜು ಫೈನಲ್‌ನಲ್ಲಿ ಸೇಂಟ್ ಲೂಯಿಸ್ ಯೂನಿವರ್ಸಿಟಿಯನ್ನು 2-0ಯಿಂದ ಸೋಲಿಸಿ ಚಾಂಪಿಯನ್ ಆಯಿತು. ಸೇಂಟ್ ಲೂಯಿಸ್ ಅಂದರೆ ಆಗ ಸಾಮಾನ್ಯ ತಂಡ ಅಲ್ಲ. 1959ರಿಂದ 1973ರೊಳಗೆ ಹತ್ತು ಸಲ ಪ್ರಶಸ್ತಿ ಗೆದ್ದವರು. ಅಂಥವರನ್ನು ಮಣಿಸಿದ ತಂಡದಲ್ಲಿ ಯೇಗ್ಲಿ ಇದ್ದರು. ಎರಡು ವರ್ಷ ಆದ ಮೇಲೆ, 23ನೇ ವಯಸ್ಸಿನಲ್ಲಿ, ದೈಹಿಕ ಶಿಕ್ಷಣ ಕಲಿಸಲು ಇಂಡಿಯಾನಾಗೆ ಬಂದರು.

ಅಲ್ಲಿ ಸಾಕರ್‌ಗೆ ಯೂನಿವರ್ಸಿಟಿಯ ತಂಡವೇ ಇರಲಿಲ್ಲ. ಇದ್ದದ್ದು ಕ್ಲಬ್. ಈ ವ್ಯತ್ಯಾಸ ನಮ್ಮವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಧಿಕೃತ ತಂಡ ಅಂದರೆ ಬಜೆಟ್, ಸ್ಕಾಲರ್‌ಶಿಪ್, ಬಸ್ಸು, ಡಾಕ್ಟರು ಎಲ್ಲಾ ಯೂನಿವರ್ಸಿಟಿಯದ್ದು. ರಾಷ್ಟ್ರೀಯ ಟೂರ್ನಿಗೆ ಹೋಗಬಹುದು. ಕ್ಲಬ್ ಅಂದರೆ ಇಷ್ಟ ಇದ್ದವರು ಸೇರಿಕೊಂಡು ಆಡುವುದು. ಖರ್ಚು ಹೊಂದಿಸುವುದು, ಓಡಾಡುವುದು ಎಲ್ಲಾ ತಮ್ಮದೇ ತಲೆನೋವು. ಎಷ್ಟೇ ಚೆನ್ನಾಗಿ ಆಡಿದರೂ ಟೂರ್ನಿಯ ಬಾಗಿಲು ತೆರೆಯುವುದಿಲ್ಲ. ಗೆದ್ದದ್ದು ಯಾವ ಪುಸ್ತಕಕ್ಕೂ ಹೋಗುವುದಿಲ್ಲ.

ಇಂಡಿಯಾನಾ ಅಂದರೆ ಬ್ಯಾಸ್ಕೆಟ್‌ಬಾಲ್ ನೆಲ ಬೇರೆ. ನಮ್ಮಲ್ಲಿ ಕ್ರಿಕೆಟ್ ಹೇಗೋ ಅಲ್ಲಿ ಬ್ಯಾಸ್ಕೆಟ್‌ಬಾಲ್. 1971ರಲ್ಲಿ ಬಾಬ್ ನೈಟ್ ಅನ್ನುವ ಕೋಚ್ ಬಂದರು. ಆಮೇಲೆ ಅಲ್ಲಿ ಬೇರೆ ಆಟದ ಕೂಗು ಕೇಳಿಸುವುದೇ ಕಷ್ಟ. ಅಂಥ ಊರಿನಲ್ಲಿ ಈ ಮನುಷ್ಯ ಹತ್ತು ವರ್ಷ ಕ್ಲಬ್ ತಂಡ ನಡೆಸಿದರು. ನಮಗೂ ಅಧಿಕೃತ ತಂಡ ಕೊಡಿ ಅಂತ ಕೇಳುತ್ತಲೇ ಇದ್ದರು. 23ನೇ ವಯಸ್ಸಿನಲ್ಲಿ ಬಂದವರಿಗೆ 33 ಆಯಿತು. ಒಬ್ಬ ಆಟಗಾರನಾಗಿದ್ದರೆ ಅಷ್ಟರಲ್ಲಿ ಆಟವೇ ಮುಗಿದು ಹೋಗುತ್ತಿತ್ತು.

ನನ್ನ ಪ್ರಕಾರ ಯೇಗ್ಲಿಯವರ ದೊಡ್ಡ ಕೆಲಸ ಅದೇ. ಆರು ಕಪ್ಪಿಗಿಂತ ದೊಡ್ಡದು. ಸುಮ್ನೆ ಹೇಳುತ್ತಿಲ್ಲ. ಕಪ್ ಗೆಲ್ಲುವಾಗ ಎದುರಿಗೆ ಕಪ್ ಇರುತ್ತದೆ. ಜನ ಇರುತ್ತಾರೆ, ಪೇಪರಿನವರು ಇರುತ್ತಾರೆ. ಹತ್ತು ವರ್ಷ ಕ್ಲಬ್ ನಡೆಸುವಾಗ ಎದುರಿಗೆ ಏನಿತ್ತು? ಮುಂದಿನ ವರ್ಷವೂ "ನೋಡೋಣ" ಅನ್ನುವ ಉತ್ತರ ಬಂದೀತು ಅನ್ನುವ ಭಯ. ಆ ಹುಡುಗರಿಗೆ ಏನು ಹೇಳಿ ಮೈದಾನಕ್ಕೆ ಕರೆಯುತ್ತಿದ್ದರೋ! ಟೂರ್ನಿ ಇದೆ ಅನ್ನುವ ಹಾಗಿಲ್ಲ. ಸ್ಕಾಲರ್‌ಶಿಪ್ ಕೊಡಿಸುತ್ತೇನೆ ಅನ್ನುವ ಹಾಗೂ ಇಲ್ಲ. ಆದರೂ ಹುಡುಗರು ಬಂದರು.

1973ರಲ್ಲಿ ಕೊನೆಗೂ ಒಪ್ಪಿಗೆ ಸಿಕ್ಕಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1976ರಲ್ಲಿ, ಅವರು ಫೈನಲ್‌ನಲ್ಲಿದ್ದರು. ಅಡುಗೆ ಮೊದಲೇ ಆಗಿತ್ತು, ಎಲೆ ಹಾಕುವುದು ಮಾತ್ರ ಬಾಕಿ ಇತ್ತು ಅನ್ನುವ ಹಾಗೆ.

ಹಾಗಂತ ಕಪ್ ಕೈಗೆ ಬಂತಾ? ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಯೂನಿವರ್ಸಿಟಿ 1-0ಯಿಂದ ಸೋಲಿಸಿತು. 1978ರಲ್ಲಿ ಮತ್ತೆ ಫೈನಲ್, ಮತ್ತೆ ಅದೇ ತಂಡ, 2-0. ಆಮೇಲೆ ನಿಯಮ ಮುರಿದದ್ದಕ್ಕೆ ಆ ಪ್ರಶಸ್ತಿಯನ್ನು ಸ್ಯಾನ್ ಫ್ರಾನ್ಸಿಸ್ಕೋದಿಂದ ಕಿತ್ತುಕೊಂಡರು. ಆದರೆ ಇಂಡಿಯಾನಾಗೆ ಕೊಡಲಿಲ್ಲ. 1980ರಲ್ಲಿ ಮೂರನೇ ಸಲ ಅದೇ ತಂಡದ ಎದುರು ಫೈನಲ್, ಎಕ್ಸ್‌ಟ್ರಾ ಟೈಮ್‌ನಲ್ಲಿ 4-3. ಅಂದರೆ ಬಂದು 17 ವರ್ಷ ಆದರೂ ಕೈ ಖಾಲಿ. 1980ರ ಡಿಸೆಂಬರ್‌ನಲ್ಲಿ ಯಾರಾದರೂ ಅವರ ಫೋಟೋ ಹಾಕಿ "ಒಂದು ಕಪ್ಪೂ ತರ್ಲಿಲ್ಲ ಅಲ್ವಾ?" ಅಂದಿದ್ದರೆ ಅದು ಪೂರ್ತಿ ನಿಜವಾದ ಮಾತಾಗಿರುತ್ತಿತ್ತು.

1982ರ ಫೈನಲ್ ಬಗ್ಗೆ ಎಷ್ಟು ಸಲ ಓದಿದರೂ ನನಗೆ ಸಾಲದು. ಎದುರಾಳಿ ಡ್ಯೂಕ್. ಜಾಗ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್. 90 ನಿಮಿಷ ಆದಾಗ 1-1. ಎಕ್ಸ್‌ಟ್ರಾ ಟೈಮ್. ಗೋಲಿಲ್ಲ. ಇನ್ನೊಂದು. ಇಲ್ಲ. ಹೀಗೆ ಎಂಟನೇ ಎಕ್ಸ್‌ಟ್ರಾ ಟೈಮ್‌ವರೆಗೆ ಹೋಯಿತು. ಆಟ 159 ನಿಮಿಷ ದಾಟಿತ್ತು. ಕಾಲಿನ ಮೀನಖಂಡ ಹಿಡಿದುಕೊಂಡ ಹುಡುಗರನ್ನು ನೀವೂ ನೋಡಿರುತ್ತೀರಿ, 90 ನಿಮಿಷಕ್ಕೇ ಹೇಗಿರುತ್ತಾರೆ ಅಂತ. ಆಗ ಗ್ರೆಗ್ ಥಾಂಪ್ಸನ್ ಗೋಲು ಹೊಡೆದ. ಮೊದಲ ಗೋಲೂ ಅವನದೇ. 2-1. ಇಂಡಿಯಾನಾದ ಮೊದಲ ಸಾಕರ್ ಕಪ್ ಬಂದಿದ್ದು ಹಾಗೆ, 19 ವರ್ಷ ಕಾದ ಮೇಲೆ, ಎಂಟು ಸಲ ಉಸಿರು ಬಿಗಿಹಿಡಿದ ಮೇಲೆ.

ಆಮೇಲಿನ ಗೆಲುವುಗಳನ್ನು ನಾನಿಲ್ಲಿ ಉದ್ದ ಮಾಡುವುದಿಲ್ಲ. 1983ರಲ್ಲಿ ಕೊಲಂಬಿಯಾ, 1988ರಲ್ಲಿ ಹೋವರ್ಡ್, 1998ರಲ್ಲಿ ಸ್ಟ್ಯಾನ್‌ಫರ್ಡ್, 1999ರಲ್ಲಿ ಸ್ಯಾಂಟಾ ಕ್ಲಾರಾ. ನಡುವೆ 1984, 1994, 2001ರಲ್ಲಿ ಫೈನಲ್‌ನಲ್ಲಿ ಸೋತದ್ದೂ ಉಂಟು. ಅವರ ಕೈಕೆಳಗೆ ಆಡಿದ ಅರ್ಮಾಂಡೊ ಬೆಟಾನ್‌ಕೋರ್ಟ್ ಹೊಂಡುರಾಸ್ ಪರವಾಗಿ 1982ರ ವಿಶ್ವಕಪ್‌ಗೆ ಹೋದ. ಕೆನ್ ಸ್ನೋ ಅನ್ನುವ ಹುಡುಗ ಕಾಲೇಜ್ ಸಾಕರ್‌ನ ದೊಡ್ಡ ಪ್ರಶಸ್ತಿಯಾದ ಹರ್ಮನ್ ಟ್ರೋಫಿಯನ್ನು ಎರಡು ಸಲ ಪಡೆದ. ಕೇಲಬ್ ಪೋರ್ಟರ್ ಆಟ ಮುಗಿಸಿ ತಾನೇ ಕೋಚ್ ಆದ. 2010ರಲ್ಲಿ ಆಕ್ರನ್ ಯೂನಿವರ್ಸಿಟಿಯನ್ನು ಚಾಂಪಿಯನ್ ಮಾಡಿದ. ಮುಂದೆ ಅಮೆರಿಕದ ವೃತ್ತಿಪರ ಲೀಗ್‌ನಲ್ಲೂ ಎರಡು ಬೇರೆ ಬೇರೆ ತಂಡಗಳಿಗೆ ಕಪ್ ಗೆಲ್ಲಿಸಿದ.

ಕಾಲೇಜ್ ಕೋಚ್ ಕೆಲಸದ ಇನ್ನೊಂದು ಮುಖ ನನಗೆ ಅಲ್ಲಿದ್ದಾಗಲೇ ಗೊತ್ತಾಗಿದ್ದು. ಅಮೆರಿಕನ್ ಫುಟ್‌ಬಾಲ್ ತಂಡ 85 ಪೂರ್ತಿ ಸ್ಕಾಲರ್‌ಶಿಪ್ ಕೊಡಬಹುದಿತ್ತು. ಗಂಡುಹುಡುಗರ ಸಾಕರ್‌ಗೆ ಒಟ್ಟು 9.9. ಹೌದು, ಒಂಬತ್ತು ಪಾಯಿಂಟ್ ಒಂಬತ್ತು. ತಂಡದಲ್ಲಿ ಇಪ್ಪತ್ತೈದು ಹುಡುಗರಿದ್ದರೆ ಅದನ್ನೇ ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು ಅಂತ ಹಂಚಬೇಕಿತ್ತು. ಮದುವೆ ಮನೆಯಲ್ಲಿ ಪಾಯಸ ಕಡಿಮೆ ಬಿದ್ದಾಗ ಬಡಿಸುವವರ ಕೈ ನೋಡಿದ್ದೀರಲ್ಲ, ಹಾಗೆ. ಯಾರಿಗೂ ಇಲ್ಲ ಅನ್ನಬಾರದು, ಕೊನೆಯ ಪಂಕ್ತಿಗೂ ಸಿಗಬೇಕು. ಕಡಿಮೆ ಸಿಕ್ಕವನೂ ಮನಸ್ಸಿಟ್ಟು ಆಡಬೇಕು. ಅದೂ ಸಾಲದು ಅಂತ ನಾಲ್ಕು ವರ್ಷಕ್ಕೆ ಹುಡುಗರು ಡಿಗ್ರಿ ಮುಗಿಸಿ ಹೊರಟುಬಿಡುತ್ತಾರೆ. ತಂಡ ಪಕ್ವ ಆಯಿತು ಅನ್ನುವಾಗಲೇ ಖಾಲಿ. ಮತ್ತೆ ಅ ಆ ಇ ಈ. ಇದನ್ನು ಹತ್ತು ವರ್ಷ ಕ್ಲಬ್‌ನಲ್ಲಿ, 31 ವರ್ಷ ಅಧಿಕೃತ ತಂಡದಲ್ಲಿ, ಒಂದೇ ಊರಲ್ಲಿ ಮಾಡಿದರು.

2003ರ ಸೀಸನ್ ತಮ್ಮ ಕೊನೆಯದು ಅಂತ ಯೇಗ್ಲಿ ಮೊದಲೇ ಹೇಳಿಬಿಟ್ಟಿದ್ದರು. ಶುರು ಚೆನ್ನಾಗಿರಲಿಲ್ಲ. ಸೋಲು, ಡ್ರಾಗಳೇ ಜಾಸ್ತಿ. ಕ್ಯಾಂಪಸ್‌ನಲ್ಲಿ "ಪಾಪ, ಹೀಗೆ ಮುಗಿಯಬಾರದಿತ್ತು" ಅನ್ನುವ ಮಾತು. ಆಮೇಲೆ ಏನಾಯಿತೋ, ತಂಡ ಸೋಲುವುದನ್ನೇ ಮರೆತುಬಿಟ್ಟಿತು. ಡಿಸೆಂಬರ್‌ನಲ್ಲಿ ಓಹಾಯೋದ ಕೊಲಂಬಸ್‌ನಲ್ಲಿ ಫೈನಲ್. ನಮಗೆ ಪರೀಕ್ಷೆಯ ಹೊತ್ತು, ಹೋಗಲಾಗಲಿಲ್ಲ. ರೂಮಿನ ಹಳೇ ಟಿವಿ ಮುಂದೆ ಅನ್ನ ಸಾರಿನ ತಟ್ಟೆ ಇಟ್ಟುಕೊಂಡು ಕೂತೆವು. ಸೇಂಟ್ ಜಾನ್ಸ್ ಎದುರು 2-1. ಅವರ ಕೊನೆಯ ಆಟವೇ ಅವರ ಆರನೇ ಕಪ್. ಸಾರು ಆರಿ ತಣ್ಣಗಾಗಿತ್ತು. ನನಗೆ ಗೊತ್ತಿಲ್ಲದ ಹಾಗೆ ಕಣ್ಣಲ್ಲಿ ನೀರು.

ಆದರೆ ನನ್ನ ಮನಸ್ಸಿಗೆ ಇನ್ನೂ ಹತ್ತಿರವಾದದ್ದು ಮುಂದಿನ ವರ್ಷದ್ದು. ಅವರ ಸಹಾಯಕರಾಗಿದ್ದ ಮೈಕ್ ಫ್ರೈಟ್ಯಾಗ್ ಕೋಚ್ ಆದರು. 2004ರಲ್ಲೂ ಇಂಡಿಯಾನಾ ಚಾಂಪಿಯನ್! ಮನೆ ಹಿರಿಯರು ಹೊರಗೆ ಹೋದಾಗ ಮನೆ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ ಹಿರಿಯರ ಬೆಲೆ ಗೊತ್ತಾಗುತ್ತದೆ. ಆ ಕಪ್ ಯೇಗ್ಲಿಯವರ ಲೆಕ್ಕದಲ್ಲಿ ಇಲ್ಲ. ಮೊದಲ ಹತ್ತು ವರ್ಷದ ಹಾಗೆ ಅದೂ ಹೊರಗೇ.

ಮಗ ಟಾಡ್ ಯೇಗ್ಲಿ 2010ರಲ್ಲಿ ಅದೇ ತಂಡದ ಕೋಚ್ ಆದಾಗ "ಅಪ್ಪನ ಕುರ್ಚಿ ಮಗನಿಗೆ" ಅಂದವರಿದ್ದರೆ ಅವರಿಗೆ ನನ್ನದೊಂದು ಮಾತು. ಅಪ್ಪ ಎದ್ದ ತಕ್ಷಣ ಮಗ ಕೂರಲಿಲ್ಲ. ನಡುವೆ ಆರು ಸೀಸನ್ ಬೇರೆಯವರದು. ಟಾಡ್ ತಾನೂ ಅಲ್ಲೇ ಆಡಿ, ವೃತ್ತಿಪರ ಲೀಗ್‌ನಲ್ಲಿ ಆಡಿ, ವಿಸ್ಕಾನ್ಸಿನ್‌ನಲ್ಲಿ ಕೋಚ್ ಆಗಿ ಬಂದವರು. 2012ರಲ್ಲಿ ಜಾರ್ಜ್‌ಟೌನ್ ವಿರುದ್ಧ 1-0ಯಿಂದ ಗೆದ್ದು ಎಂಟನೇ ಕಪ್ ತಂದರು.

ಈಗ ನಮ್ಮ ಮೇಷ್ಟ್ರ ವಿಷಯ. ಹೋಲಿಕೆ ಜಾಸ್ತಿ ಆಯಿತು ಅಂತ ಅನಿಸಬಹುದು. ಅನಿಸಲಿ. ನಮ್ಮ ಕಾಲೇಜಿನಲ್ಲಿ ಗೋಲಿಗೆ ಬಲೆ ಇರಲಿಲ್ಲ. ಕೇಳಿ ಕೇಳಿ ಸಾಕಾಗಿ, ಮೇಷ್ಟ್ರು ಹಳೇ ವಾಲಿಬಾಲ್ ನೆಟ್‌ಗಳನ್ನು ಹೊಲಿದು ಕಟ್ಟಿದರು. ಪಂದ್ಯದ ದಿನ ಬೆಳಗ್ಗೆ ಆರಕ್ಕೇ ಮೈದಾನದಲ್ಲಿ ಇರುತ್ತಿದ್ದರು. ಎಣ್ಣೆ ಡಬ್ಬಿಯ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಸುಣ್ಣದ ಪುಡಿ ತುಂಬಿ, ದಾರ ಎಳೆದು, ಬಗ್ಗಿ ಬಗ್ಗಿ ಗೆರೆ ಹಾಕುತ್ತಿದ್ದರು. ನಾವು ಬರುವಷ್ಟರಲ್ಲಿ ಪ್ಯಾಂಟು ಮಂಡಿಯವರೆಗೆ ಬಿಳಿ. ಯೇಗ್ಲಿಯವರಿಗೆ 1973 ಬಂತು. ನಮ್ಮ ಮೇಷ್ಟ್ರಿಗೆ ಕಡೆಗೂ ಆ ವರ್ಷ ಬರಲೇ ಇಲ್ಲ. ಇಬ್ಬರ ಮಧ್ಯೆ ಇರುವ ವ್ಯತ್ಯಾಸ ಅಷ್ಟೇ ಅಂತ ನಾನು ನಂಬಿದ್ದೇನೆ. ಅದು ಮೇಷ್ಟ್ರ ತಪ್ಪಲ್ಲ.

ಮೊನ್ನೆ ಭಾನುವಾರ ಅವರಿಗೆ ಫೋನ್ ಮಾಡಿದೆ. ಗ್ರೂಪ್‌ನ ಮಾತು ಹೇಳಲಿಲ್ಲ. ಯೇಗ್ಲಿ ಕಥೆ ಹೇಳಿದೆ, ಕ್ಲಬ್ಬಿನ ಹತ್ತು ವರ್ಷದ್ದು. ಪೂರ್ತಿ ಕೇಳಿಸಿಕೊಂಡರು. ಆರು ಕಪ್ಪಿನ ಬಗ್ಗೆ ಏನೂ ಕೇಳಲಿಲ್ಲ.

"ಆ ಹತ್ತು ವರ್ಷ ಗೆರೆ ಯಾರು ಹಾಕ್ತಿದ್ರಂತೆ?" ಅಂದರು.

"ಕ್ಲಬ್ ಅಲ್ವಾ ಸಾರ್, ಅವರವರೇ ಹಾಕ್ಕೊಂಡಿರ್ತಾರೆ."

"ಹಂಗಾದ್ರೆ ಇಬ್ಬನಿ ಆರೋಕೆ ಮುಂಚೆನೇ ಹಾಕಿರ್ತಾರೆ ಬಿಡು. ಹುಲ್ಲು ಒದ್ದೆ ಇದ್ರೆ ಸುಣ್ಣ ಹಿಡ್ಕೊಳ್ಳುತ್ತೆ. ಬಿಸಿಲು ಬಂದ್ಮೇಲೆ ಹಾಕಿದ್ರೆ ಹಾಫ್‌ಟೈಮ್‌ಗೆ ಗೆರೆನೇ ಇರಲ್ಲ."