ಬಿಚ್ಚಿದ್ದು ಬಿಡಿ, ಯಾಕೆ ಕೆಟ್ಟಿತ್ತು ಅದನ್ನ ಹೇಳಿ

ಈಗ ಫೋನ್ ತೆಗೆದರೆ ಸಾಕು, ಹಳೇ ಬೈಕ್ ರಿಸ್ಟೋರ್ ಮಾಡುವ ರೀಲ್ಸ್. ಮೊದಲ ಎರಡು ಸೆಕೆಂಡ್ ತುಕ್ಕು ಹಿಡಿದ ಗುಜರಿ ಮಾಲು, ಆಮೇಲೆ ಪ್ರೆಷರ್ ವಾಶ್, ಗ್ರೈಂಡರ್ ಕಿಡಿ, ಸ್ಪ್ರೇ ಪೇಂಟ್, ಕೊನೆಗೆ ಘಾಟಿ ರಸ್ತೆಯಲ್ಲಿ ಡ್ರೋನ್ ಶಾಟ್. ನೋಡೋಕೆ ನನಗೂ ಇಷ್ಟ, ಸುಳ್ಳು ಯಾಕೆ ಹೇಳಲಿ. ಆದರೆ ಇಷ್ಟು ರೀಲ್ಸ್ ನೋಡಿದರೂ ಯಾರೊಬ್ಬರೂ ಕೈ ಒರೆಸಿಕೊಂಡು ನಿಂತು "ಇದು ಇಂಥ ಕಾರಣಕ್ಕೆ ಕೆಟ್ಟಿತ್ತು" ಅಂತ ಹೇಳಿದ್ದು ಕಾಣಲಿಲ್ಲ. ಪಿಸ್ಟನ್ ಕಿಟ್ ಹೊಸದು, ಕಾರ್ಬೊರೇಟರ್ ಹೊಸದು, ಕಾಯಿಲ್ ಹೊಸದು, ವೈರಿಂಗ್ ಪೂರ್ತಿ ಹೊಸದು. ಎಲ್ಲ ಹೊಸದು ಹಾಕಿದ ಮೇಲೆ ಬೈಕ್ ಸ್ಟಾರ್ಟ್ ಆಗದೆ ಏನು ಮಾಡುತ್ತೆ? ಅದಕ್ಕೆ ಶಾಪಿಂಗ್ ಅಂತಾರೆ.

ಕಲಿಯೋಕೆ ಅಂತಲೇ ಹಳೇ ಬೈಕಿಗೆ ಕೈ ಹಾಕುವವರಿಗೆ ನಾನು ಹೇಳೋದು ಒಂದೇ: ಕಾರಣ ಸಿಗುವ ತನಕ ಒಂದೇ ಒಂದು ಪಾರ್ಟ್ ಕೂಡ ತರಬೇಡಿ. ಪುರುಸೊತ್ತಿದ್ದವರು ಮುಂದೆ ಓದಿ, ಉದ್ದ ಇದೆ.

ನನ್ನ ಕೈಗೆ ಬಂದಿದ್ದು ಕರಿಜ್ಮಾ, 2007ರ ಮಾಡೆಲ್. ಹೀರೋ ಹೋಂಡಾ 2003ರಲ್ಲಿ ಇದನ್ನ ಬಿಟ್ಟಾಗ ನಮ್ಮ ಕಡೆ ರಸ್ತೆ ತುಂಬ 100 ಸಿಸಿ ಗಾಡಿಗಳೇ. ಅದರ ಮಧ್ಯೆ 223 ಸಿಸಿ, ಹತ್ತಿರ ಹತ್ತಿರ 17 ಬಿಎಚ್‌ಪಿ, ಮುಂದೆ ಅರ್ಧ ಫೇರಿಂಗ್, ಟೀವಿ ತುಂಬ ಹೃತಿಕ್ ರೋಷನ್ ಜಾಹೀರಾತು. ಇವತ್ತಿನ ಹುಡುಗರು "ಇದು ಸ್ಪೋರ್ಟ್ಸ್ ಬೈಕಾ?" ಅಂತ ನಗಬಹುದು, ನಗಲಿ. ಆ ಕಾಲಕ್ಕೆ ಇದೇ. ನಮ್ಮ ದೊಡ್ಡಪ್ಪನ ಮಗ ತಗೊಂಡಿದ್ದ, ಅಡಿಕೆಗೆ ರೇಟ್ ಚೆನ್ನಾಗಿ ಸಿಕ್ಕ ವರ್ಷ. ಆಮೇಲೆ ಅಣ್ಣ ಮಸ್ಕತ್‌ಗೆ ಹೋದ, ಬೈಕ್ ತೀರ್ಥಹಳ್ಳಿ ಹತ್ತಿರದ ಮನೆಯ ಅಡಿಕೆ ಶೆಡ್ಡಿಗೆ ಹೋಯಿತು. ಮಲೆನಾಡಿನ ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಕಬ್ಬಿಣದ ಗತಿ ಏನಾಗುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಏರ್ ಫಿಲ್ಟರ್ ಡಬ್ಬಿಯಲ್ಲಿ ಇಲಿ ಸಂಸಾರ ಹೂಡಿತ್ತು. ಹೆಡ್‌ಲೈಟ್ ಹಿಂದೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಟ್ಯಾಂಕಿನ ಮುಚ್ಚಳ ತೆಗೆದರೆ ಪೆಟ್ರೋಲ್ ವಾಸನೆ ಹೋಗಿ ಹಳೇ ವಾರ್ನಿಶ್ ವಾಸನೆ.

ಕಲಿಯೋಕೆ ಇದು ಒಳ್ಳೇ ಬೈಕ್ ಅಂತ ನನಗೆ ಅನ್ನಿಸೋಕೆ ಕಾರಣ ಇದೆ. ಒಂದೇ ಸಿಲಿಂಡರ್, ಎರಡೇ ವಾಲ್ವ್ (ಗಾಳಿ-ಪೆಟ್ರೋಲ್ ಒಳಗೆ ಬಿಡೋಕೆ ಇನ್‌ಟೇಕ್, ಹೊಗೆ ಆಚೆ ಬಿಡೋಕೆ ಎಕ್ಸಾಸ್ಟ್), ರೇಡಿಯೇಟರ್ ಇಲ್ಲ, ವಾಲ್ವ್ ಸಂದಿ ಹೊಂದಿಸುವ ಟ್ಯಾಪೆಟ್‌ಗೆ ಸ್ಕ್ರೂ ಮತ್ತು ಲಾಕ್ ನಟ್ಟು, ಕಾರ್ಬೊರೇಟರ್ ಒಂದು. 2009ರ ಕರಿಜ್ಮಾ ಝಡ್‌ಎಂಆರ್‌ಗೆ ಕಾರ್ಬೊರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂತು, ಅದು ಬೇರೆ ವಿದ್ಯೆ. ಹೋಂಡಾದವರ ಸಿಆರ್‌ಎಫ್ 230 ಎಫ್ ಅನ್ನೋ ಮಣ್ಣು ದಾರಿಯ ಬೈಕಿನ ಎಂಜಿನ್ನೂ ಇದೇ ವಂಶದ್ದು, ಹಾಗಾಗಿ ಒಳಗಡೆ ಏನಿದೆ ಅಂತ ಓದಿ ತಿಳಿಯೋಕೆ ಸಾಮಗ್ರಿ ಬೇಕಾದಷ್ಟು ಸಿಗುತ್ತೆ. ಇದೇ ಬೈಕ್ ಬೇಕು ಅಂತೇನಿಲ್ಲ. ಯಾವುದೇ ಆಗಲಿ, ಕಂಪನಿಯಿಂದ ಬಂದ ಹಾಗೇ ಇರುವುದನ್ನ ಹುಡುಕಿ. ತುಕ್ಕು ಹಿಡಿದಿದ್ದರೆ ಪರವಾಗಿಲ್ಲ. ಎಲ್‌ಇಡಿ ಬಾರ್, ಎರಡೆರಡು ಹಾರ್ನ್ ಹಾಕೋಕೆ ವೈರ್ ಕತ್ತರಿಸಿ ಇನ್ಸುಲೇಶನ್ ಟೇಪ್ ಸುತ್ತಿದ ಗಾಡಿಯನ್ನ ಮಾತ್ರ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಸ್ಪ್ಯಾನರ್‌ಗೆ ಮುಂಚೆ ಆರ್‌ಸಿ. ಈ ಭಾಗ ಯಾರಿಗೂ ರುಚಿಸಲ್ಲ, ಬೇಗ ಹೇಳಿ ಮುಗಿಸ್ತೀನಿ. ಸ್ವಂತ ಬಳಕೆಯ ಗಾಡಿಗೆ ಆರ್‌ಸಿ 15 ವರ್ಷಕ್ಕೆ, ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ರಿನೀವಲ್, ಗ್ರೀನ್ ಟ್ಯಾಕ್ಸ್ ಬೇರೆ. ಹೆಸರು ಬದಲಾಯಿಸೋಕೆ ಫಾರ್ಮ್ 29, 30, ಹಳೇ ಮಾಲೀಕರ ಸಹಿ. ಸಾಲದಲ್ಲಿ ತಗೊಂಡ ಗಾಡಿ ಆಗಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಬಟ್ಟೆಯಲ್ಲಿ ಒರೆಸಿ ನೋಡಿ ಆರ್‌ಸಿಗೆ ತಾಳೆ ಹಾಕಿ. ಕಾಗದ ಸರಿಯಿಲ್ಲದ ಬೈಕನ್ನ ಎಷ್ಟು ಚೆಂದ ಮಾಡಿದರೂ ಅದು ಹಿತ್ತಲಿನ ಶೋ ಪೀಸ್.

ಇನ್ನು ವಿಷಯಕ್ಕೆ ಬರ್ತೀನಿ. ಪ್ಲಗ್ ಬಿಚ್ಚಿ ಸಿಲಿಂಡರ್ ಒಳಗೆ ಸ್ವಲ್ಪ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟು, ಕೈಯಲ್ಲಿ ನಿಧಾನ ತಿರುಗಿಸಿದೆ. ಎಂಜಿನ್ ಜಾಮ್ ಆಗಿರಲಿಲ್ಲ. ಹೊಸ ಬ್ಯಾಟರಿ, ಹೊಸ ಪೆಟ್ರೋಲ್, ಕಾರ್ಬೊರೇಟರ್ ಕ್ಲೀನ್, ಪ್ಲಗ್‌ನಲ್ಲಿ ನೀಲಿ ಕಿಡಿ. ಆದರೂ ಸೆಲ್ಫ್ ಹೊಡೆದರೆ ಬರೀ ತಿರುಗುತ್ತೆ, ಹಿಡಿಯೋದೇ ಇಲ್ಲ. ಪೇಟೆಯ ಮೆಕ್ಯಾನಿಕ್ ಒಬ್ಬರು ಬಂದು ನೋಡಿದರು. ಸೆಲ್ಫ್ ಸದ್ದು ಕೇಳಿದವರೇ "ಬೋರ್ ಹೋಗಿದೆ ಸಾರ್, ಕಂಪ್ರೆಶನ್ನೇ ಇಲ್ಲ. ಕಿಟ್ ಹಾಕ್ಸಿಬಿಡಿ" ಅಂದರು. ಬೋರ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್ ಒಳಗೋಡೆ, ಕಂಪ್ರೆಶನ್ ಅಂದರೆ ಪಿಸ್ಟನ್ ಮೇಲೆ ಬಂದಾಗ ಒಳಗಿನ ಗಾಳಿಗೆ ಬೀಳುವ ಒತ್ತಡ. ಕಂಪ್ರೆಶನ್ ಇಲ್ಲ ಅನ್ನೋದು ನೂರಕ್ಕೆ ನೂರು ಸರಿ. ಗೇಜ್ ಹಾಕಿದಾಗ ಮುಳ್ಳು ಏಳೋಕೇ ಸೋಮಾರಿತನ. ಆದರೆ ಕಂಪ್ರೆಶನ್ ಹೋಗೋಕೆ ಬೋರ್ ಒಂದೇ ದಾರಿ ಅಲ್ಲವಲ್ಲ. ಪಿಸ್ಟನ್ ಸುತ್ತಲಿನ ರಿಂಗ್ ಪಕ್ಕದಿಂದ ಕೆಳಗೆ ಹೋಗಬಹುದು, ವಾಲ್ವ್‌ಗಳಿಂದ ಆಚೆ ಹೋಗಬಹುದು, ಸಿಲಿಂಡರ್ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್‌ನ ಗ್ಯಾಸ್ಕೆಟ್‌ನಲ್ಲಿ ಸೋರಬಹುದು.

ಇದನ್ನ ಪತ್ತೆ ಮಾಡೋಕೆ ಹಳೇ ಉಪಾಯ ಒಂದಿದೆ. ಮೊದಲು ಹಾಗೇ ಗೇಜ್ ಹಾಕಿ ನೋಡೋದು. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡೋದು. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದಿ ಮುಚ್ಚುತ್ತೆ, ಮುಳ್ಳು ಮೇಲೇಳುತ್ತೆ. ನನ್ನ ಗೇಜಿನ ಮುಳ್ಳು ಎದ್ದೇಳಲಿಲ್ಲ. ಅಂದರೆ ಬೋರ್ ಮೇಲೆ ಅನುಮಾನ ಕಡಿಮೆಯಾಯಿತು.

ಮುಂದಿನ ಹೆಜ್ಜೆಗೆ ಗಾಳಿ ಬೇಕಿತ್ತು. ಹಳೇ ಸ್ಪಾರ್ಕ್ ಪ್ಲಗ್‌ನ ಬಿಳಿ ಪಿಂಗಾಣಿ ಒಡೆದು ತೆಗೆದು, ಉಳಿದ ಲೋಹದ ಬುಡಕ್ಕೆ ಟ್ಯೂಬಿನ ವಾಲ್ವ್ ಒಂದನ್ನ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಹಿತ್ತಾಳೆ ಹಾಕಿ ಕೂಡಿಸಿದೆವು. ಬೈಕನ್ನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಪಂಕ್ಚರ್ ಅಂಗಡಿಗೆ ಹೋದೆವು. ಮ್ಯಾಗ್ನೆಟ್ ಕವರಿನ ಸಣ್ಣ ಮುಚ್ಚಳ ತೆಗೆದು 'ಟಿ' ಗುರುತು (ಪಿಸ್ಟನ್ ತುತ್ತತುದಿಗೆ ಬಂದಿದೆ ಅನ್ನೋ ಗುರುತು) ಗೆರೆಗೆ ತಂದು, ಎರಡೂ ವಾಲ್ವ್ ಮುಚ್ಚಿವೆಯಾ ಅಂತ ತಿಳಿಯೋಕೆ ಅವನ್ನ ಒತ್ತುವ ರಾಕರ್ ಎರಡೂ ಸಡಿಲ ಇದೆಯಾ ಅಂತ ಬೆರಳಲ್ಲಿ ಅಲ್ಲಾಡಿಸಿ ನೋಡಿ, ಗೇರ್ ಹಾಕಿ ಬ್ರೇಕ್ ಒತ್ತಿ ಹಿಡಿದು ಗಾಳಿ ಬಿಟ್ಟೆವು. ಈಗ ಕಿವಿ ಕೊಡೋದಷ್ಟೇ ಕೆಲಸ. ಕಾರ್ಬೊರೇಟರ್ ಬಾಯಲ್ಲಿ ಸದ್ದು ಬಂದರೆ ಇನ್‌ಟೇಕ್ ವಾಲ್ವ್, ಆಯಿಲ್ ಹಾಕುವ ತೂತಿನಲ್ಲಿ ಬಂದರೆ ರಿಂಗ್. "ಕಂಪ್ರೆಸರ್ ಆಫ್ ಮಾಡ್ತೀನಿ ಇರಿ, ಇದರ ಗಲಾಟೇಲಿ ಏನ್ ಕೇಳುತ್ತೆ" ಅಂದರು ಅಂಗಡಿ ಅಣ್ಣ. ಆಫ್ ಮಾಡಿದ ಮೇಲೆ ಕೇಳಿತು. ಸೈಲೆನ್ಸರ್ ತುದಿಯಿಂದ ಸಣ್ಣಗೆ, ಎಡೆಬಿಡದೆ, ಸ್ಸ್ಸ್ ಅಂತ. ಎಕ್ಸಾಸ್ಟ್ ವಾಲ್ವ್!

ಟ್ಯಾಪೆಟ್ ಬಿಗಿಯಾಗಿದ್ದರೂ ವಾಲ್ವ್ ಪೂರ್ತಿ ಮುಚ್ಚಲ್ಲ, ಅದಕ್ಕೆ ಮೊದಲು ಸಂದಿ ಅಳೆಯುವ ಫೀಲರ್ ಗೇಜ್ ಹಾಕಿ ನೋಡಿದೆ, ಸಂದಿ ಸರಿ ಇತ್ತು. ಹೆಡ್ ಇಳಿಸಿದಾಗ ಕತೆ ಕಣ್ಣೆದುರೇ ಇತ್ತು. ಇನ್‌ಟೇಕ್ ಕಡೆ ಸ್ವಚ್ಛ. ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿನ ಮೇಲೆ ಮಾತ್ರ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕೆ ಗುಳಿಗಳು. ಕೊನೇ ಸಲ ಎಂಜಿನ್ ನಿಂತಾಗ ಆ ವಾಲ್ವ್ ಅರೆ ತೆರೆದಿರಬೇಕು. ಸೈಲೆನ್ಸರ್ ದಾರಿಯಲ್ಲಿ ಮಲೆನಾಡಿನ ಥಂಡಿ ವರ್ಷವರ್ಷ ಒಳಗೆ ಬಂದು ಅಲ್ಲೇ ಕೂತಿದೆ. ಕಿಟ್ ಹಾಕಿಸಿದ್ದರೆ ಹೊಸ ಪಿಸ್ಟನ್, ಹೊಸ ರಿಂಗ್, ದುಡ್ಡೂ ಖರ್ಚು, ಗಾಳಿ ಮಾತ್ರ ಅಲ್ಲಿಂದಲೇ ಸೋರುತ್ತಿತ್ತು.

ಪರಿಹಾರಕ್ಕೆ ಬೇಕಾಗಿದ್ದು ಒಂದು ಸಣ್ಣ ಡಬ್ಬಿ ಗ್ರೈಂಡಿಂಗ್ ಪೇಸ್ಟ್, ತುದಿಯಲ್ಲಿ ರಬ್ಬರ್ ಬಟ್ಟಲಿರುವ ಒಂದು ಕೋಲು. ವಾಲ್ವ್ ಅಂಚಿಗೆ ಪೇಸ್ಟ್ ಸವರಿ, ಕೋಲನ್ನ ಎರಡು ಅಂಗೈ ಮಧ್ಯೆ ಇಟ್ಟು ಕಡಗೋಲು ತಿರುಗಿಸಿದ ಹಾಗೆ ಆ ಕಡೆ ಈ ಕಡೆ. ಮೊದಲು ಮರಳು ಅರೆದ ಹಾಗೆ ಕರಕರ ಅನ್ನುತ್ತೆ. ಸ್ವಲ್ಪ ಹೊತ್ತಿಗೆ ಸದ್ದು ಮೆತ್ತಗಾಗುತ್ತೆ, ಆಗ ಒರೆಸಿ ನೋಡಬೇಕು. ಒರಟು ಪೇಸ್ಟ್ ಆದ ಮೇಲೆ ನಯವಾದದ್ದು. ಸುತ್ತಲೂ ಎಲ್ಲೂ ತುಂಡಾಗದ ಬೂದು ಬಣ್ಣದ ಪಟ್ಟಿ ಮೂಡಿದರೆ ಕೆಲಸ ಆಯಿತು. ಪೇಸ್ಟಿನ ಕಣ ಒಂದೂ ಉಳಿಯದ ಹಾಗೆ ತೊಳೆದು, ಹೊಸ ವಾಲ್ವ್ ಸೀಲ್ ಹಾಕಿ, ವಾಲ್ವ್ ಜೋಡಿಸಿ, ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು ಕಾದೆ. ಒಂದು ಹನಿಯೂ ಜಿನುಗಲಿಲ್ಲ. ಹೊಸ ಗ್ಯಾಸ್ಕೆಟ್, ಟಾರ್ಕ್ ರೆಂಚ್, ಟೈಮಿಂಗ್ ಗುರುತು. ಸ್ಟಾರ್ಟ್ ಆಯಿತು. ಆ ಕ್ಷಣದ ಬಗ್ಗೆ ಎಲ್ಲರೂ ಬರೀತಾರೆ, ನಾನು ಬರೆಯಲ್ಲ. ನನಗೆ ಖುಷಿ ಕೊಟ್ಟಿದ್ದು ಆ ಸ್ಸ್ಸ್.

ಇನ್ನೊಂದು. ಕಾಗದಪತ್ರ ಆದ ಮೇಲೆ ಮೇಗರವಳ್ಳಿ ಕಡೆ ಹೊರಟರೆ ಸ್ವಲ್ಪ ದೂರ ಹೋಗಿ ಕೆಮ್ಮಿ ನಿಲ್ಲೋದು. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್, ಮತ್ತೆ ಅಷ್ಟೇ ದೂರ. ಗೆಳೆಯರೆಲ್ಲ "ಕಾಯಿಲ್ ಬಿಸಿಯಾಗಿ ಬಿಡ್ತಿದೆ, ಬದಲಾಯಿಸು" ಅಂದರು. ಪ್ಲಗ್‌ಗೆ ಕಿಡಿ ಕೊಡುವ ಕಾಯಿಲ್ ಬಿಸಿಯಾದಾಗ ಕೈಕೊಡೋದು ಉಂಟು, ತಪ್ಪಲ್ಲ. ಆದರೆ ನಿಂತ ತಕ್ಷಣ ಟ್ಯಾಂಕ್ ಮುಚ್ಚಳ ತೆಗೆದು ನೋಡೋಕೆ ಏನೂ ಖರ್ಚಿಲ್ಲ. ತೆಗೆದೆ, ಹುಸ್ ಅಂತ ಗಾಳಿ ಒಳಗೆ ಹೋಯಿತು, ಬೈಕ್ ಆಗಲೇ ಸ್ಟಾರ್ಟ್ ಆಯಿತು. ಪೆಟ್ರೋಲ್ ಕೆಳಗಿಳಿಯಬೇಕಾದರೆ ಮೇಲಿಂದ ಗಾಳಿ ಒಳಗೆ ಬರಬೇಕು. ಮುಚ್ಚಳದ ಗಾಳಿ ಕಿಂಡಿ ತುಕ್ಕು, ಧೂಳಿನಿಂದ ಕಟ್ಟಿಕೊಂಡಿತ್ತು. ಒಂದು ಸಣ್ಣ ತಂತಿ, ಒಂಚೂರು ಕಾರ್ಬ್ ಕ್ಲೀನರ್, ಅಷ್ಟೇ.

ಪೆಟ್ರೋಲ್ ಮಾತು ಬಂತಲ್ಲ, ಶೆಡ್ಡಲ್ಲಿ ಬೈಕ್ ನಿಲ್ಲಿಸುವವರಿಗೆ ಹೇಳಿಬಿಡ್ತೀನಿ. ಈಗ ಬಂಕ್‌ಗಳಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ್ದು. ಎಥೆನಾಲ್ ಗಾಳಿಯಲ್ಲಿರುವ ತೇವ ಎಳೆದುಕೊಳ್ಳುತ್ತೆ, ನೀರು ಹೆಚ್ಚಾದರೆ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕ್ ತಳಕ್ಕೆ ಇಳಿಯುತ್ತೆ. ತುಕ್ಕು ಶುರುವಾಗೋದೇ ಅಲ್ಲಿ. ಕರಿಜ್ಮಾ ಬಂದ ಕಾಲದ ಗಾಡಿಗಳನ್ನ ಈ ಪೆಟ್ರೋಲಿಗೆ ಅಂತ ಮಾಡಿರಲಿಲ್ಲ. ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ, ಕೆಳಗಡೆ ಡ್ರೈನ್ ಸ್ಕ್ರೂ ಇದೆ.

ಕಾರಣ ಹುಡುಕದೆ ಬದಲಾಯಿಸಬೇಕಾದ್ದು ಇಲ್ಲವೇ ಇಲ್ವಾ ಅಂದರೆ, ಇದೆ. ಬ್ರೇಕ್ ಮತ್ತು ಟೈರ್. ಬ್ರೇಕ್ ಫ್ಲೂಯಿಡ್ ಕೂಡ ತೇವ ಹೀರುತ್ತೆ, ಶೆಡ್ಡಲ್ಲಿ ಕೊಳೆತ ಬೈಕಿನ ಕ್ಯಾಲಿಪರ್ ತೆರೆದರೆ ಒಳಗೆ ಕಾಫಿ ಗಸಿ ಬಣ್ಣ. ಸೀಲ್, ಹೋಸ್, ಫ್ಲೂಯಿಡ್ ಎಲ್ಲ ಹೊಸದು, ಚರ್ಚೆ ಬೇಡ. ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, 2311 ಅಂತಿದ್ದರೆ 2011ನೇ ಇಸವಿಯ 23ನೇ ವಾರದಲ್ಲಿ ತಯಾರಾಗಿದ್ದು ಅಂತ. ಮೇಲಿನ ಬಟನ್ (ಉಬ್ಬು ಪಟ್ಟಿ) ಎಷ್ಟೇ ಉಳಿದಿರಲಿ, ಅಂಥ ರಬ್ಬರ್ ಕಲ್ಲಾಗಿರುತ್ತೆ. ಎಂಜಿನ್ ಕೈಕೊಟ್ಟರೆ ರಸ್ತೆ ಪಕ್ಕ ನಿಲ್ತೀರಿ. ಇವು ಕೈಕೊಟ್ಟರೆ ನಿಲ್ಲೋಕೂ ಆಗಲ್ಲ. ಬಣ್ಣ, ಸ್ಟಿಕ್ಕರ್, ಸೈಲೆನ್ಸರ್‌ಗೆ ದುಡ್ಡು ಇಟ್ಟುಕೊಂಡು ಟೈರ್‌ಗೆ "ಇನ್ನೊಂದು ವರ್ಷ ಓಡುತ್ತೆ ಬಿಡು" ಅನ್ನುವವರನ್ನ ಕಂಡರೆ ನನಗೆ ಮೈ ಉರಿಯುತ್ತೆ.

ಟೂಲ್ಸ್ ಬಗ್ಗೆ ಒಂದೇ ವಿಷಯ. ಜಪಾನಿ ವಿನ್ಯಾಸದ ಬೈಕುಗಳ ಸ್ಟಾರ್ ಸ್ಕ್ರೂ ನಾವು ಮನೆಯಲ್ಲಿಟ್ಟ ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್‌ಗೆ ಸರಿಯಾಗಿ ಕೂರಲ್ಲ. ಅದಕ್ಕೆ ಜೆಐಎಸ್ (ಜಪಾನಿನ ಕೈಗಾರಿಕಾ ಮಾನದಂಡ) ಅಂತ ಬೇರೆ ಅಳತೆ ಇದೆ. ಸಾಮಾನ್ಯದ್ದು ಹಾಕಿ ತಿರುಗಿಸಿದರೆ ತುದಿ ಜಾರಿ ಸ್ಕ್ರೂ ತಲೆ ಕೆತ್ತಿ ಹೋಗುತ್ತೆ, ಬೈಕಿಗೆ ಬೈದು ಪ್ರಯೋಜನ ಇಲ್ಲ.

ಹೀಗೆ ಬರೀತಾ ಇರುವಾಗ ಒಂದು ಸಂಕೋಚವೂ ಇದೆ. ನಾವು ಆಫೀಸ್ ಕೆಲಸದವರು ಶನಿವಾರ ಕೈಗೆ ಗ್ರೀಸ್ ಮೆತ್ತಿಕೊಂಡರೆ ಅದು 'ಪ್ರಾಜೆಕ್ಟ್', ಲೈಕ್ ಬೀಳುತ್ತೆ. ಗ್ಯಾರೇಜಿನ ಹುಡುಗ ದಿನಾ ಅದನ್ನೇ ಮಾಡಿದರೆ ಅವನಿಗೆ "ಓದಿಲ್ಲ, ಅದಕ್ಕೆ ಇಲ್ಲಿದ್ದಾನೆ" ಅಂತೀವಿ. ಕಿಟ್ ಹಾಕ್ಸಿ ಅಂದ ಆ ಮೆಕ್ಯಾನಿಕ್ ಮೇಲೂ ನನಗೆ ಕೋಪ ಇಲ್ಲ. ಅರ್ಧ ದಿನ ಕೂತು ಗಾಳಿ ಬಿಟ್ಟು ಕಾರಣ ಹುಡುಕಿದ್ದಕ್ಕೆ ಅವರಿಗೆ ಯಾರು ಕೂಲಿ ಕೊಡ್ತಾರೆ? ಪಾರ್ಟ್ ಬಿಲ್ ಬರೆದರೆ ನಾವು ಮರುಮಾತಾಡದೆ ಕೊಡ್ತೀವಿ. "ಚೆಕ್ ಮಾಡಿದ್ದಕ್ಕೆ ಐನೂರು" ಅಂದರೆ "ಏನ್ ಮಾಡಿದ್ರಿ ಅಂತ ಐನೂರು?" ಅಂತ ಜಗಳಕ್ಕೆ ನಿಲ್ತೀವಿ. ಹುಡುಕೋದಕ್ಕೆ ದುಡ್ಡು ಕೊಡದ ಊರಲ್ಲಿ ಯಾರೂ ಹುಡುಕಲ್ಲ, ಬದಲಾಯಿಸ್ತಾರೆ. ಲೇತ್ ಅಂಗಡಿ, ವೆಲ್ಡಿಂಗ್, ಪಂಕ್ಚರ್ ಅಂಗಡಿ, ಇವರ ಸಹಾಯ ಇಲ್ಲದೆ "ನಾನೇ ಎಲ್ಲ ಮಾಡಿದೆ" ಅನ್ನುವ ರಿಸ್ಟೋರೇಶನ್ ಒಂದೂ ಇಲ್ಲ, ರೀಲ್ಸ್‌ನಲ್ಲಿ ಅವರ ಮುಖ ಕಾಣಲ್ಲ ಅಷ್ಟೇ.

ದುಡ್ಡಿನ ಲೆಕ್ಕ ಕೇಳಬೇಡಿ. ಟೂಲ್ಸ್, ಟೈರ್, ಬ್ರೇಕ್, ಆರ್‌ಟಿಒ, ಇನ್ಶೂರೆನ್ಸ್ ಎಲ್ಲ ಸೇರಿ ಅಪ್ಪ "ಇದೇ ದುಡ್ಡಿಗೆ ಒಂದು ಒಳ್ಳೇ ಹಸು ಬರ್ತಿತ್ತಲ್ಲೋ" ಅಂದರು. ಬರ್ತಿತ್ತು. ಉಳಿತಾಯ ಮಾಡಬೇಕು ಅನ್ನೋರು ಓಡುವ ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳಿ, ಹಳೇದಕ್ಕೆ ಕೈ ಹಾಕಬೇಡಿ.

ಬಣ್ಣ ಇನ್ನೂ ಮಾಡಿಸಿಲ್ಲ, ಸದ್ಯಕ್ಕೆ ಮಾಡಿಸೋದೂ ಇಲ್ಲ. ಈಗ ಮುಂದಿನ ಚಕ್ರ ಹಿಡಿಯುವ ಫೋರ್ಕ್ ಕೆಲಸ. ಬಲಗಡೆಯ ಸೀಲ್ ಮಾತ್ರ ಮತ್ತೆ ಮತ್ತೆ ಸೋರುತ್ತಿದೆ, ಪೈಪ್ ಬಗ್ಗಿದೆಯೋ, ತುಕ್ಕಿನ ಗುಳಿ ಸೀಲಿಗೆ ಗೀರುತ್ತಿದೆಯೋ ನೋಡಬೇಕು. ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಎರಡೂ ಸುತ್ತಿದೆ, ಎಡಗಡೆ ಸೈಡ್ ಪ್ಯಾನೆಲ್ ಸಿಗಲಿಲ್ಲ. ಹಳೇ ಕರಿಜ್ಮಾದ್ದು ಯಾರ ಮನೆ ಅಟ್ಟದ ಮೇಲಾದರೂ ಇದ್ದರೆ ಮೆಸೇಜ್ ಹಾಕಿ. ಯಾವ ಬಣ್ಣ ಆದರೂ ಸರಿ, ಲಾಕ್ ಕೂರುವ ಗೂಟ ಮುರಿದಿರಬಾರದು.