ಯೂಟಾದಲ್ಲಿ ಕಾಮಣ್ಣನ ಮಗ

ನಾನು ಬಾಗಲಕೋಟೆಯವನು. ಹೋಳಿ ಆಡೋದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಸೊಕ್ಕು ಸ್ವಲ್ಪ ಜಾಸ್ತಿಯೇ ಇತ್ತು. ಅದು ಇಳಿದದ್ದು ಅಮೆರಿಕದ ಯೂಟಾದಲ್ಲಿ, ಕಾಲೇಜು ಓದುವ ಒಬ್ಬ ಹುಡುಗಿಯ ಎದುರು.

ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಸ್ಪ್ಯಾನಿಷ್ ಫೋರ್ಕ್ ಎಂಬ ಊರಲ್ಲಿ ಇಸ್ಕಾನ್‌ನವರ ರಾಧಾಕೃಷ್ಣ ದೇವಸ್ಥಾನವಿದೆ. ದಿಬ್ಬದ ಮೇಲೆ ಬಿಳಿ ಗುಮ್ಮಟ, ಬೇಲಿಯೊಳಗೆ ಒಂಟೆ ಜಾತಿಯ ಲಾಮಾ ಪ್ರಾಣಿಗಳು, ಹಿಂದೆ ಹಿಮ ಹೊದ್ದ ಬೆಟ್ಟ. ಹುಣ್ಣಿಮೆ ಯಾವತ್ತು ಬೇಕಾದರೂ ಬರಲಿ, ಅವರ ಹೋಳಿ ಮಾತ್ರ ಶನಿವಾರ, ಭಾನುವಾರವೇ. ಸಾವಿರಾರು ಜನ. ಅದರಲ್ಲಿ ಪಕ್ಕದ ಪ್ರೋವೋದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗ ಹುಡುಗಿಯರೇ ಎಷ್ಟೋ. ಅವರ ಧರ್ಮದಲ್ಲಿ ಹೆಂಡ ಹಾಗಿರಲಿ, ಕಾಫಿ, ಟೀ ಕೂಡ ಮುಟ್ಟುವಂತಿಲ್ಲ. ಒಂದು ಗುಟುಕು ಚಹಾ ಇಲ್ಲದೆ ಹೀಗೆ ಕುಣಿಯುವವರನ್ನು ನಾನು ಕಂಡಿರಲಿಲ್ಲ.

ಗೇಟಿನಲ್ಲೇ ನನ್ನ ಗುಲಾಲಿನ ಪೊಟ್ಟಣ ಹೋಯಿತು. ಹೊರಗಿನ ಬಣ್ಣ ತರುವಂತಿಲ್ಲವಂತೆ, ಒಳಗೇ ಕೊಳ್ಳಬೇಕಂತೆ. ಕೊಂಡೆ. ಬಿಚ್ಚಿ ನೋಡಿದರೆ ಬಣ್ಣ ಹಾಕಿದ ಮೆಕ್ಕೆಜೋಳದ ಹಿಟ್ಟು. ನೀರಿನ ಹೆಸರೇ ಇಲ್ಲ! ನಮ್ಮೂರಲ್ಲಿ ಬಂಡಿ ತುಂಬ ಬ್ಯಾರಲ್ ಹೇರಿಕೊಂಡು ಬಂದು, ಕಂಡವರ ಮೈಮೇಲೆ ಬಣ್ಣದ ನೀರು ಸುರಿದು ಹೋಗುತ್ತಾರೆ. ಇಲ್ಲಿ ನೋಡಿದರೆ ರೊಟ್ಟಿಗೆ ಹಿಟ್ಟು ಉದುರಿಸಿದ ಹಾಗೆ.

ಆದರೂ ಹಳೇ ಕೈ. ಒಳಗೆ ಹೋದವನೇ ಮುಂದೆ ನಿಂತಿದ್ದ ಹುಡುಗಿಯ ಬೆನ್ನಿಗೆ ಒಂದು ಮುಷ್ಟಿ ಎರಚಿದೆ. ಅವಳು ತಿರುಗಿ, "ಸರ್, ಇನ್ನೂ ಟೈಮ್ ಆಗಿಲ್ಲ" ಎಂದಳು. ವೇದಿಕೆಯಿಂದ ಹತ್ತರಿಂದ ಒಂದಕ್ಕೆ ಎಣಿಸುತ್ತಾರಂತೆ, ಆಗ ಎಲ್ಲರೂ ಒಟ್ಟಿಗೆ ಎಸೆಯಬೇಕಂತೆ. ಅದೂ ಮೇಲಕ್ಕೆ, ಮುಖಕ್ಕಲ್ಲ. ಅಷ್ಟೂ ತಾಳ್ಮೆಯಿಂದ ಹೇಳಿಕೊಟ್ಟು ಕೊನೆಗೆ ಕೇಳಿದಳು: "ಇದು ನಿಮ್ಮ ಮೊದಲನೇ ಹೋಳಿಯಾ?"

ಮಗಳು ಆಕಾಶ ನೋಡತೊಡಗಿದಳು.

ಎಣಿಕೆ ಶುರುವಾಯಿತು. ನನಗೋ ಹುರುಪು. ಚಿಕ್ಕಂದಿನಲ್ಲಿ "ಕಾಮಣ್ಣನ ಮಕ್ಕಳು, ಕಳ್ಳ ಸುಳ್ಳ ಮಕ್ಕಳು, ಏನೇನು ಕದ್ದರು? ಸೌದೆ ಬೆರಣಿ ಕದ್ದರು" ಎಂದು ಹಲಗೆ ಬಡಿಯುತ್ತ ಓಣಿ ಸುತ್ತಿದವನು. ಒಂದು ಎಂದದ್ದೇ ತಡ, ಬಾಯಿಗೆ ಕೈ ಬಡಿದುಕೊಳ್ಳುತ್ತ "ಲಬೋ ಲಬೋ" ಎಂದು ಹೊಯ್ಕೊಂಡೆ. ಕಾಮಣ್ಣ ಸತ್ತಾಗ ಅಳೋದು ಹಾಗೇ ಅಲ್ವಾ? ಅಷ್ಟರಲ್ಲಿ ಸಾವಿರಾರು ಜನರ ಹಿಟ್ಟು ಮೇಲೆ ಹೋಗಿ, ಕೆಳಗೆ ಇಳಿದು, ತೆರೆದ ಬಾಯಿಗೆ ಸೀದಾ ಬಂತು. ಅದು ನಾಲಿಗೆಗೆ ಅಂಟಿ ಉಂಡೆಯಾಯಿತು. ಲಬೋ ನಿಂತಿತು. ಮುದುಕನಿಗೆ ಉಸಿರು ಕಟ್ಟಿದೆ ಎಂದು ಅದೇ ಹುಡುಗಿ ನೀರಿನ ಬಾಟಲಿ ಹಿಡಿದು ಓಡಿಬಂದಳು. ನಾನು ಸಂಪ್ರದಾಯ ವಿವರಿಸಲು ಬಾಯಿ ತೆರೆದರೆ ಗುಲಾಬಿ ಹೊಗೆ.

ಮನೆಗೆ ಬರುವಾಗ ಅಳಿಯ ಸಮಾಧಾನ ಹೇಳಿದ. ಅವನ ಆಫೀಸಿನವರು ಹೋಳಿ ಅಂದರೆ 2016ರಲ್ಲಿ ಬಂದ, ಬಣ್ಣ ಎರಚಾಡುವ ಕೋಲ್ಡ್‌ಪ್ಲೇ ಬ್ಯಾಂಡಿನ ಹಾಡಿನ ವಿಡಿಯೊ ಎಂದುಕೊಂಡಿದ್ದಾರಂತೆ. ಇನ್ನು ಕಲರ್ ರನ್ ಅಂತ ಒಂದಿದೆ. 2012ರಲ್ಲಿ ಅರಿಜೋನಾದಲ್ಲಿ ಶುರುವಾದದ್ದು. ದುಡ್ಡು ಕಟ್ಟಿ, ಬಿಳಿ ಅಂಗಿ ಹಾಕಿ, 5 ಕಿಲೋಮೀಟರ್ ಓಡಬೇಕು. ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತವರು ಬಣ್ಣ ಎರಚುತ್ತಾರೆ. ನಾವು ಓಡುತ್ತಿದ್ದದ್ದು ಬಣ್ಣ ತಪ್ಪಿಸಿಕೊಳ್ಳಲು, ಅದೂ ಬಿಟ್ಟಿಯಾಗಿ.

ನಿಜವಾದ ಎಡವಟ್ಟು ಬಚ್ಚಲಲ್ಲಿ ಆಯಿತು. ಚಳಿಗೆ ಸುಡುಸುಡು ನೀರು ತಲೆಗೆ ಹಾಕಿಕೊಂಡೆ. ಮೆಕ್ಕೆಜೋಳದ ಹಿಟ್ಟಿಗೆ ಬಿಸಿನೀರು ಬಿದ್ದರೆ ಏನಾಗುತ್ತದೆಂದು ಅಡುಗೆ ಮಾಡುವ ಯಾರಿಗಾದರೂ ಗೊತ್ತು. ನನಗೆ ಗೊತ್ತಿರಲಿಲ್ಲ. ಕೂದಲಲ್ಲಿ ಗುಲಾಬಿ ಅಂಬಲಿ ತಯಾರಾಯಿತು. ಬಿಳಿ ಜುಬ್ಬಾವನ್ನೂ ಅದೇ ನೀರಲ್ಲಿ ಅದ್ದಿಟ್ಟಿದ್ದೆ. ಹಿಂಡಿ, ತೋಳು ಚಾಚಿ ಹಿತ್ತಲಲ್ಲಿ ಒಣಹಾಕಿದೆ.

ಮರುದಿನ ನೋಡಿದರೆ ಗಂಜಿ ಕುಡಿದು ಸೆಟೆದು ನಿಂತಿದೆ. ಪಕ್ಕದ ಮನೆಯ ಅಜ್ಜ ಬೇಲಿಯಾಚೆಯಿಂದ ನೋಡಿ, ಬೆದರುಬೊಂಬೆ ಚೆನ್ನಾಗಿದೆ ಎಂದ. ಅದು ಬೆದರುಬೊಂಬೆಯಲ್ಲ, ಸಾಕ್ಷಾತ್ ಕಾಮಣ್ಣ. ಅಜ್ಜನ ಹಿಂದೆ ಗೋಡೆಗೆ ಒತ್ತಿ ಒಪ್ಪವಾಗಿ ಪೇರಿಸಿಟ್ಟ ಒಣ ಸೌದೆ, ಎದೆಯೆತ್ತರಕ್ಕಿತ್ತು.

ನನ್ನ ಕಣ್ಣು ಎತ್ತ ಹೋಯಿತೆಂದು ಮಗಳಿಗೆ ತಿಳಿಯಿತು. "ಅಪ್ಪಾ, ಒಳಗೆ ನಡಿ" ಎಂದಳು.